ಹದಿನಾಲ್ಕನೆಯ ದೇಹ

ಪುಂತಾ ಅರೇನಸ್‌ನಲ್ಲಿ ಗಾಳಿಗೆ ರಜೆಯಿಲ್ಲ.
ಚೌಕದ ತಿರುವಿನಲ್ಲಿ ಹಗ್ಗ ಕಟ್ಟುತ್ತಾರೆ,
ಜನ ಹಿಡಿದುಕೊಂಡಾದರೂ ದಾಟಲಿ ಎಂದು.
ಹದಿನೆಂಟು ವರ್ಷ ಇಲ್ಲಿನ ಶಾಲೆಯಲ್ಲಿ ಸೀಟಿ ಊದಿದ್ದೇನೆ.
ಅರ್ಧ ಸದ್ದು ಗಾಳಿ ನುಂಗಿತು,
ಉಳಿದರ್ಧ ಮಕ್ಕಳಿಗೆ ಕೇಳಿಸಲೇ ಇಲ್ಲ, ಪಾಪ, ಒಬ್ಬರಿಗೂ.

ನಲವತ್ಮೂರಕ್ಕೆ ಮತ್ತೆ ಬೆಂಚಿಗೆ ಬಂದೆ.
ದೈಹಿಕ ಶಿಕ್ಷಣ ಮತ್ತು ಚಲನಶಾಸ್ತ್ರ, ಸ್ನಾತಕೋತ್ತರ, ಸಂಜೆ ತರಗತಿ.
‘ಓಡೋದಕ್ಕೂ ಒಂದು ಡಿಗ್ರಿ ಬೇಕೇನೇ ಯಾಸ್ನಾ?’
ಮೀನಂಗಡಿಯ ಚಿಕ್ಕಮ್ಮ ಕೇಳಿದಳು,
ಒಂದೇ ಎಳೆತಕ್ಕೆ ಬೆನ್ನೆಲುಬು ಬಿಡಿಸುತ್ತಾ.
ನನ್ನ ಕಣ್ಣು ಅವಳ ಮಣಿಕಟ್ಟಿನ ಮೇಲಿತ್ತು:
ಆ ತಿರುವು ಎಷ್ಟು ಡಿಗ್ರಿ?

ಮಗ ಮಲಗಿದ ಮೇಲೆ ಒಲೆಯ ಪಕ್ಕ ಓದು.
ಮೂಳೆಗಳ ಹೆಸರು ನೆಂಟರ ಹೆಸರಿನಂತೆ,
ಕರೆಯಬೇಕಾದ ಹೊತ್ತಿಗೆ ಮರೆಯುತ್ತವೆ.
ಒಂದು ಮೊಣಕಾಲೊಳಗೆ ಇಷ್ಟು ಗಣಿತ ಅಡಗಿದೆಯೆಂದು
ಮೊದಲೇ ಗೊತ್ತಿದ್ದರೆ
‘ಇನ್ನೂ ಮೂರು ಸುತ್ತು’ ಎನ್ನುವ ಮುಂಚೆ
ಉಗುಳು ನುಂಗುತ್ತಿದ್ದೆ.

ಪ್ರಬಂಧದ ವಿಷಯ: ಎದುರುಗಾಳಿಗೆ ದೇಹ ಬಾಗುವ ಕೋನ.
ಹಡಗುಕಟ್ಟೆಯಿಂದ ಎರವಲು ತಂದ ಒಂದು ಫ್ಯಾನು,
ಪಾದದಡಿ ಭಾರ ಅಳೆಯುವ ಹಲಗೆ,
ಭುಜ, ಸೊಂಟ, ಕಣಕಾಲಿಗೆ ಹೊಳೆಯುವ ಗುಂಡು ಚುಕ್ಕಿ.
ಮೂವತ್ತು ಜನ ಬಂದರು.
ಅಂಚೆಯವಳು ಬಂದಳು. ಪಾದ್ರಿ ಬಂದರು, ನಿಲುವಂಗಿ ಬಿಚ್ಚಲು ನಾಚುತ್ತಾ.
ಆಟದ ಪೀರಿಯಡ್ಡಿಗೆ ದಿನವೂ ಹೊಟ್ಟೆನೋವಿನ ಚೀಟಿ ತರುತ್ತಿದ್ದ ಹುಡುಗಿ
ಈಗ ನರ್ಸು, ಅವಳೂ ಬಂದಳು.

ಹದಿನಾಲ್ಕನೆಯವರು ದೊನ್ ರೊಸಾಮೆಲ್ ಬಾಮೊಂದೆ,
ಎಪ್ಪತ್ತೊಂದು. ಐವತ್ತು ವರ್ಷ ಕುರಿಯ ಉಣ್ಣೆ ಕತ್ತರಿಸಿದವರು.
‘ನೆಟ್ಟಗೆ ನಿಲ್ಲಿ’ ಎಂದೆ.
‘ನಿಂತೇ ಇದ್ದೀನಲ್ಲ’ ಎಂದರು.
ಫ್ಯಾನು ಇನ್ನೂ ಹಾಕಿರಲಿಲ್ಲ,
ಪರದೆ ಮೂವತ್ತೊಂದು ಡಿಗ್ರಿ ತೋರಿಸುತ್ತಿತ್ತು.
ಎರಡು ಮಂಡಿಯ ನಡುವೆ ಸರಿಯಾಗಿ ಒಂದು ಕುರಿಯಷ್ಟು ಜಾಗ,
ಎಡಗೈ ಇಲ್ಲದ ಕೊರಳೊಂದನ್ನು ಮೆಲ್ಲಗೆ ಅದುಮಿ ಹಿಡಿದಂತೆ.
ಫ್ಯಾನು ಹಾಕಿದೆ.
ಉಳಿದವರು ಕಂಬಿಗೆ ಜೋತುಬಿದ್ದ ವೇಗಕ್ಕೆ
ಇವರು ಕೂದಲೆಳೆಯಷ್ಟೂ ಅಲುಗಲಿಲ್ಲ.
‘ಇಷ್ಟೇನಾ?’ ಎಂದರು.

‘ತೆಗೆದುಬಿಡಿ’ ಎಂದರು ಮಾರ್ಗದರ್ಶಕ ಓಯಾರ್ಸೊ,
‘ಒಂದು ಬಿಂದು ಇಡೀ ರೇಖೆಯನ್ನು ಕೆಡಿಸುತ್ತಿದೆ.’
ತಪ್ಪೇನೂ ಹೇಳಲಿಲ್ಲ. ಪುಸ್ತಕವೂ ಅದನ್ನೇ ಹೇಳುತ್ತದೆ.
ಅಳಿಸಿದೆ.
ರೇಖೆ ಚೊಕ್ಕಟವಾಗಿ ನಿಂತಿತು,
ಸೋಮವಾರದ ಪ್ರಾರ್ಥನೆಯ ಸಾಲಿನಂತೆ.

ಸಾಲು ನೆಟ್ಟಗೆ! ಅದೇ ನನ್ನ ಸೀಟಿಯ ಮಾತು.
ಹೊಟ್ಟೆನೋವಿನ ಹುಡುಗಿಯನ್ನು ಬೇಲಿಯ ಪಕ್ಕ ಕೂರಿಸಿದ್ದೆ,
ಒಂದಲ್ಲ, ನಾಲ್ಕು ವರ್ಷ.
ಯಾವತ್ತೂ ಕೇಳಲಿಲ್ಲ, ಯಾವ ಕಡೆ ನೋವು ಎಂದು.

ರಾತ್ರಿ ಎರಡಕ್ಕೆ ಎದ್ದು ಹದಿನಾಲ್ಕನ್ನು ಹಿಂದಕ್ಕೆ ಹಾಕಿದೆ.
ಅವರೊಬ್ಬರಿಗಾಗಿ ಒಂದು ಅಧ್ಯಾಯ,
ಇನ್ನೂ ಒಂಬತ್ತು ಮಂದಿ ಉಣ್ಣೆ ಕತ್ತರಿಸುವವರನ್ನು ಹುಡುಕುವ ಕೆಲಸ,
ಏಳು ತಿಂಗಳು ತಡ, ಒಂದು ಕಂತಿನ ಶುಲ್ಕ ದಂಡ.
ಓಯಾರ್ಸೊ ಕನ್ನಡಕ ಒರೆಸಿಕೊಂಡರು, ಬಹಳ ಹೊತ್ತು.

ನಕ್ಷೆ ತೋರಿಸಿದಾಗ ದೊನ್ ರೊಸಾಮೆಲ್ ಕೇಳಿದರು:
‘ಇದರಲ್ಲಿ ನಾನು ಯಾವುದು?’
ಮೂಲೆಯ ಒಂಟಿ ಚುಕ್ಕಿಯ ಮೇಲೆ ಬೆರಳಿಟ್ಟೆ.
‘ಒಳ್ಳೆಯದು, ಅಲ್ಲಿ ನೂಕುನುಗ್ಗಲಿಲ್ಲ’ ಎಂದು
ಕಾಗದ ಮಡಚಿ ಟೋಪಿಯೊಳಗೆ ಇಟ್ಟುಕೊಂಡರು.

ಬಾಗಿಲಾಚೆ ಗಾಳಿ ತೊಂಬತ್ತರ ಮೇಲಿತ್ತು.
ಹಗ್ಗ ಮುಟ್ಟದೆ ಅವರು ಚೌಕ ದಾಟಿದರು.
ಕಡತಗಳನ್ನು ಎದೆಗವಚಿ ನಾನು ಹಿಂದೆಯೇ ನಡೆದೆ.
ಆ ಬಾಗಿದ ಬೆನ್ನ ಮರೆಯಲ್ಲಿ, ಒಂದೂವರೆ ಮಾರಿನಷ್ಟು ಜಾಗದಲ್ಲಿ,
ನನ್ನ ಕೂದಲು ಕೂಡ ಹಾರಲಿಲ್ಲ.